ದಾನಪತ್ರದಲ್ಲಿ ಬಿಟ್ಟುಹೋಗುವ ಆ ಒಂದು ಸಾಲು

ಮಾನ್ಯ ಸಂಪಾದಕರಿಗೆ,

ಹೆತ್ತವರನ್ನು ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಬಿಟ್ಟುಹೋದ ಸುದ್ದಿ ಬಂದಾಗಲೆಲ್ಲ ‘ಕಾನೂನು ಬಿಗಿ ಮಾಡಬೇಕು’ ಎಂಬ ಮಾತು ವಿಧಾನಸೌಧದಿಂದ ಚಹಾದಂಗಡಿಯವರೆಗೂ ಕೇಳಿಬರುತ್ತದೆ. 2025ರ ಮಾರ್ಚ್‌ನಲ್ಲಿ ಸೇಡಂ ಶಾಸಕರೂ ಆದ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ ಅವರು, ಹೀಗೆ ಬಿಟ್ಟುಹೋದವರ ವಿವರವನ್ನು ವೈದ್ಯಕೀಯ ಸಂಸ್ಥೆಗಳು ಉಪವಿಭಾಗಾಧಿಕಾರಿಗೆ ತಿಳಿಸಬೇಕು, ಮಕ್ಕಳ ಹೆಸರಿಗೆ ಮಾಡಿಕೊಟ್ಟ ಆಸ್ತಿ ವರ್ಗಾವಣೆ ರದ್ದಾಗಬೇಕು ಎಂದರು. ಸೂಚನೆ ಒಳ್ಳೆಯದೇ. ಆದರೆ ಉಪವಿಭಾಗಾಧಿಕಾರಿ ವರ್ಗಾವಣೆ ರದ್ದು ಮಾಡಬೇಕೆಂದರೆ ಆ ಪತ್ರದಲ್ಲಿ ಒಂದು ಷರತ್ತು ಇರಬೇಕು. ನಮ್ಮ ಕಲಬುರಗಿ ಕಡೆ ಉಪನೋಂದಣಿ ಕಚೇರಿಗಳ ಎದುರು ತಯಾರಾಗುವ ಪತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಅದೊಂದೇ.

‘ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007’ರ 23ನೇ ಕಲಂ ಏನು ಹೇಳುತ್ತದೆ ಎಂದು ನೋಡೋಣ. ಕಾಯ್ದೆ ಜಾರಿಗೆ ಬಂದ ಮೇಲೆ ಹಿರಿಯ ನಾಗರಿಕರೊಬ್ಬರು ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ಬರೆದುಕೊಟ್ಟಿರಬೇಕು. ‘ನನ್ನ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಬರೆದುಕೊಟ್ಟಿರಬೇಕು. ಪಡೆದವರು ಆ ಷರತ್ತಿಗೆ ತಪ್ಪಿರಬೇಕು. ಈ ಮೂರೂ ಇದ್ದರೆ ಆ ವರ್ಗಾವಣೆ ಮೋಸದಿಂದಲೋ ಒತ್ತಾಯದಿಂದಲೋ ಆದದ್ದೆಂದು ಭಾವಿಸಿ, ಬರೆದುಕೊಟ್ಟವರು ಬಯಸಿದರೆ ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುವ ನ್ಯಾಯಮಂಡಳಿ ಅದನ್ನು ಅನೂರ್ಜಿತ ಎಂದು ಘೋಷಿಸಬಹುದು. ಅರ್ಜಿಗಳು ಮುಗ್ಗರಿಸುವುದು ಎರಡನೆಯದರಲ್ಲಿ. ಸುದೇಶ್ ಛಿಕಾರಾ ಮತ್ತು ರಾಮ್ತಿ ದೇವಿ ಪ್ರಕರಣದಲ್ಲಿ 2022ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ಷರತ್ತು ಇತ್ತು ಎಂಬುದನ್ನು ತೋರಿಸದೆ 23ನೇ ಕಲಮಿನಡಿ ಪತ್ರ ರದ್ದಾಗದು. ಮಗ ನೋಡಿಕೊಳ್ಳುತ್ತಿಲ್ಲ ಎಂಬುದಷ್ಟೇ ಸಾಲದು.

ಈಗ ನಮ್ಮ ದಾನಪತ್ರ, ಅಂದರೆ ಹಳಬರು ಬಕ್ಷೀಸ್ ಪತ್ರ ಎನ್ನುವುದು, ಹೇಗಿರುತ್ತದೆ ನೋಡಿ. ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಒಂದು ನಮೂನೆ ಇರುತ್ತದೆ. ಹೆಸರು, ಸರ್ವೆ ನಂಬರ್, ಎಕರೆ-ಗುಂಟೆ, ಚೆಕ್ಕುಬಂದಿ ಬದಲಾಗುತ್ತವೆ, ಉಳಿದದ್ದು ಹಾಗೆಯೇ. ‘ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ ಸ್ವಸಂತೋಷವಾಗಿ ದಾನ ಮಾಡಿರುತ್ತೇನೆ. ಇಂದಿನಿಂದ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು, ಸಂಬಂಧ ಇರುವುದಿಲ್ಲ.’ ಕೊನೆಯ ಆ ಸಾಲು ಕೊಡುವವರ ಕೈಯನ್ನು ಪೂರ್ತಿ ಕಟ್ಟಿಹಾಕುತ್ತದೆ. ಕೌಂಟರಿನಲ್ಲಿ ಮುದುಕಿ ‘ಇದ್ರಾಗ ಏನ್ ಬರ್ದಾರ್ರಿ?’ ಎಂದರೆ ಸಿಗುವ ಉತ್ತರ ‘ಹೊಲ ನಿನ್ ಮಗನ್ ಹೆಸರಿಗಿ ಮಾಡ್ಲತ್ತೀವ್ ಯವ್ವಾ, ಹೆಬ್ಬಟ್ಟ ಒತ್ತು’. ಅದು ಸುಳ್ಳಲ್ಲ. ಆದರೆ ಆಕೆ ತಿಳಿದುಕೊಳ್ಳಬೇಕಾದದ್ದು ಅದೊಂದೇ ಅಲ್ಲ. ಮಕ್ಕಳಿಗೆ ದಾನ ಮಾಡಿದರೆ ಮುದ್ರಾಂಕ ಶುಲ್ಕ ಮಾರಾಟಕ್ಕಿಂತ ತೀರಾ ಕಡಿಮೆ, ಆದ್ದರಿಂದ ಮನೆಯೊಳಗಿನ ವರ್ಗಾವಣೆ ಹೆಚ್ಚಾಗಿ ಈ ದಾರಿಯಲ್ಲೇ ಆಗುತ್ತದೆ. ಶುಲ್ಕ ಎಷ್ಟು ಉಳಿಯಿತು ಎಂಬ ಲೆಕ್ಕದಲ್ಲಿ ಷರತ್ತಿನ ಮಾತು ಯಾರ ನೆನಪಿಗೂ ಬರುವುದಿಲ್ಲ.

ಇರಬೇಕಾದ ಸಾಲು ಹೀಗಿರಬಹುದು: ‘ದಾನ ಪಡೆದವರು ದಾನಿಯ ಜೀವಿತಾವಧಿಯವರೆಗೆ ಅವರಿಗೆ ಊಟ, ಬಟ್ಟೆ, ವಸತಿ ಮತ್ತು ಔಷಧೋಪಚಾರ ಒದಗಿಸತಕ್ಕದ್ದು ಎಂಬ ಷರತ್ತಿಗೆ ಒಳಪಟ್ಟು ಈ ದಾನ ಮಾಡಲಾಗಿದೆ, ಈ ಷರತ್ತಿಗೆ ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಕಲಮಿನನ್ವಯ ದಾನವನ್ನು ರದ್ದುಪಡಿಸಿಕೊಳ್ಳಲು ದಾನಿಗೆ ಹಕ್ಕಿರುತ್ತದೆ.’ ಇದರ ಜೊತೆ ‘ಯಾವುದೇ ಹಕ್ಕು ಇರುವುದಿಲ್ಲ’ ಎಂಬ ಹಳೆಯ ಸಾಲನ್ನೂ ಹಾಗೇ ಬಿಟ್ಟರೆ ಒಂದೇ ಪತ್ರದಲ್ಲಿ ಎರಡು ಮಾತಾಗುತ್ತದೆ, ಎದುರಿನವರು ಅದನ್ನೇ ಹಿಡಿದು ಜಗ್ಗುತ್ತಾರೆ. ಅದಕ್ಕೆ ‘ಮೇಲಿನ ಷರತ್ತಿಗೆ ಒಳಪಟ್ಟು’ ಎಂದು ಸೇರಿಸಬೇಕು. ಇನ್ನೂ ಗಟ್ಟಿ ಬೇಕೆಂದರೆ ‘ನೋಡಿಕೊಳ್ಳುವುದು’ ಎಂಬ ಮಾತನ್ನು ಅಳತೆಗೆ ಇಳಿಸಬೇಕು: ಮನೆಯ ಯಾವ ಕೋಣೆಯಲ್ಲಿ ಕೊನೆಯವರೆಗೆ ವಾಸ, ವರ್ಷಕ್ಕೆ ಎಷ್ಟು ಚೀಲ ಜೋಳ, ಎಷ್ಟು ಚೀಲ ತೊಗರಿ, ತಿಂಗಳಿಗೆ ಔಷಧಕ್ಕೆ ಎಷ್ಟು ರೂಪಾಯಿ, ಯಾವ ಬ್ಯಾಂಕ್ ಖಾತೆಗೆ. ‘ನಾನು ನೋಡಿಕೊಂಡೇ ಇದ್ದೀನಲ್ಲ’ ಎಂದು ಮಗ ವಾದ ಮಾಡಬಹುದು. ಖಾತೆಗೆ ಬೀಳದ ಹಣದ ಬಗ್ಗೆ ಹಾಗೆ ವಾದ ಮಾಡಲಾಗದು.

ಕಾನೂನು ಬಿಗಿ ಮಾಡಬೇಕು ಎನ್ನುವ ಸಂಘಗಳಿಗೂ ಶಾಸಕರಿಗೂ ನಮ್ಮ ಮೊದಲ ಕೋರಿಕೆ ಈ ಸಾಲಿನದೇ. ಇದಕ್ಕೆ ದೆಹಲಿಗೆ ಹೋಗಬೇಕಿಲ್ಲ. ನೋಂದಣಿ ಮತ್ತು ಮುದ್ರಾಂಕ ಇಲಾಖೆ ರಾಜ್ಯದ್ದು, ಪತ್ರಗಳ ನೋಂದಣಿ ನಡೆಯುವ ಕಾವೇರಿ-2 ತಂತ್ರಾಂಶವೂ ರಾಜ್ಯದ್ದು. ಕೊಡುವವರ ವಯಸ್ಸು 60 ದಾಟಿದ್ದು ಪತ್ರ ದಾನವೋ ಹಕ್ಕು ಬಿಡುಗಡೆಯೋ ಆಗಿದ್ದರೆ, ಪರದೆಯ ಮೇಲೆ ಒಂದು ಪ್ರಶ್ನೆ ಬರಲಿ: ಪೋಷಣೆಯ ಷರತ್ತು ಬೇಕೋ ಬೇಡವೋ? ಉಪನೋಂದಣಾಧಿಕಾರಿ ಅದನ್ನು ಕನ್ನಡದಲ್ಲಿ ಓದಿ ಹೇಳಲಿ, ಉತ್ತರ ಪತ್ರದಲ್ಲಿ ದಾಖಲಾಗಲಿ. ಷರತ್ತನ್ನೇ ಕಡ್ಡಾಯ ಮಾಡಿ ಎಂದು ನಾವು ಕೇಳುತ್ತಿಲ್ಲ. ಷರತ್ತಿಲ್ಲದೆ ಕೊಡುವುದು ಹಿರಿಯರ ಹಕ್ಕು, ಮೇಲಾಗಿ ಷರತ್ತಿಲ್ಲ ಎಂಬ ಕಾರಣಕ್ಕೆ ನೋಂದಣಿ ನಿರಾಕರಿಸಲು ಇಂದಿನ ಕಾನೂನಿನಲ್ಲಿ ಆಧಾರವೂ ಇಲ್ಲ. ‘ಷರತ್ತು ಇದ್ದರೆ ಬ್ಯಾಂಕಿನವರು ಸಾಲ ಕೊಡೋದಿಲ್ಲ’ ಎಂದು ಮಕ್ಕಳು ಹೇಳುವುದುಂಟು. ಬ್ಯಾಂಕಿನ ವಕೀಲರು ಮುಖ ಸಿಂಡರಿಸುವುದು ನಿಜ. ಆದರೆ ಆಸ್ತಿ ಕೈಗೆ ಬಂದ ತಿಂಗಳಲ್ಲೇ ಅಡ ಇಡಬೇಕಾದ ಅವಸರ ಏನಿದೆ ಎಂದು ತಂದೆ-ತಾಯಿ ಕೇಳುವುದಕ್ಕೆ ಅದೇ ಒಳ್ಳೆಯ ಸಂದರ್ಭ.

ಎರಡು ಗೊಂದಲಗಳನ್ನು ಇಲ್ಲೇ ಬಿಡಿಸಬೇಕು. ಮೃತ್ಯುಪತ್ರ ರದ್ದುಪಡಿಸಿ ಎಂದು ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯುವವರಿದ್ದಾರೆ. ಮೃತ್ಯುಪತ್ರದಿಂದ ಬದುಕಿರುವಾಗ ಏನೂ ವರ್ಗವಾಗುವುದಿಲ್ಲ. ಬರೆದವರು ಯಾವಾಗ ಬೇಕಾದರೂ ಬದಲಿಸಬಹುದು, ಯಾರ ಆದೇಶವೂ ಬೇಡ. ಎರಡನೆಯದು ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲು ಮಾಡಿಕೊಳ್ಳುವ ಪತ್ರ. ಪಿತ್ರಾರ್ಜಿತ ಹೊಲವನ್ನು ಪಾಲು ಮಾಡುವಾಗ ತನ್ನ ಪಾಲನ್ನೂ ಮಕ್ಕಳಿಗೇ ಬಿಟ್ಟುಕೊಟ್ಟು ಬರಿಗೈಯಲ್ಲಿ ಎದ್ದು ಬರುವ ತಂದೆಗೆ 23ನೇ ಕಲಂ ಹಿಡಿಯುವುದು ಇನ್ನೂ ಕಷ್ಟ, ಏಕೆಂದರೆ ಎದುರಿನವರು ‘ನಮ್ಮ ಪಾಲು ನಾವು ತಗೊಂಡ್ವಿ’ ಎನ್ನುತ್ತಾರೆ. ವಾಟ್ನಿಯಲ್ಲಿ ತಂದೆ-ತಾಯಿಯ ಹೆಸರಿಗೆ ಒಂದು ಪಾಲು ಉಳಿಸಿಕೊಳ್ಳುವುದೇ ದಾರಿ.

ಆದೇಶ ಬಂದ ಮೇಲೂ ಕೆಲಸ ಕೆಡುತ್ತದೆ. ನ್ಯಾಯಮಂಡಳಿ ದಾನಪತ್ರವನ್ನು ಅನೂರ್ಜಿತ ಎಂದು ಘೋಷಿಸಿದರೂ ಪಹಣಿಯಲ್ಲಿ ಮಗನ ಹೆಸರೇ ಉಳಿದಿರುತ್ತದೆ, ಏಕೆಂದರೆ ಆದೇಶದ ಪ್ರತಿ ಕಡತದಲ್ಲೇ ಇರುತ್ತದೆ. ಅದಕ್ಕೆ ಅರ್ಜಿಯ ಕೋರಿಕೆಯಲ್ಲೇ ಮೂರು ಮಾತು ಬರೆಯಬೇಕು: ಪತ್ರ ಅನೂರ್ಜಿತವೆಂದು ಘೋಷಿಸುವುದು, ಉಪನೋಂದಣಾಧಿಕಾರಿ ತಮ್ಮ ಪುಸ್ತಕದಲ್ಲಿ ಅದನ್ನು ನಮೂದಿಸುವುದು, ತಹಶೀಲ್ದಾರರು ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಆದ ಹೆಸರಿನ ಬದಲಾವಣೆ, ತಿರುಗಿಸುವುದು. ಮನೆ ಅಥವಾ ಹೊಲ ಮಗನ ವಶದಲ್ಲಿದ್ದರೆ ನಾಲ್ಕನೆಯದಾಗಿ ಸ್ವಾಧೀನ ಕೊಡಿಸುವುದು. ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, ಸ್ವಾಧೀನ ಕೊಡಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ ಎಂದಿದೆ. ಕೇಳದೆ ಇದ್ದದ್ದನ್ನು ಕೊಡುವ ಅಭ್ಯಾಸ ಕಚೇರಿಗಳಿಗಿಲ್ಲ. ಮನೆಯಲ್ಲಿ ಸೊಸೆ ಇದ್ದರೆ ಲೆಕ್ಕ ಬೇರೆ: ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆಕೆಗಿರುವ ವಾಸದ ಹಕ್ಕನ್ನೂ ತೂಗಿ ನೋಡಬೇಕೆಂದು 2020ರ ಎಸ್. ವನಿತಾ ಪ್ರಕರಣದ ತೀರ್ಪು ಹೇಳುತ್ತದೆ. ಅದು ಬೆಂಗಳೂರಿನಿಂದಲೇ ಹೋದ ಪ್ರಕರಣ. ಮಗನ ಮೇಲಿನ ಸಿಟ್ಟಿಗೆ ಸೊಸೆ-ಮೊಮ್ಮಕ್ಕಳನ್ನು ಬೀದಿಗೆ ಹಾಕುವ ಅರ್ಜಿಗಳು ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಇನ್ನು ಜೀವನಾಂಶದ ಅರ್ಜಿ. ಇಲ್ಲಿ ಸಮಸ್ಯೆ ಕಾಯ್ದೆಯ ಅಕ್ಷರದಲ್ಲಿಲ್ಲ, ನೋಟಿಸಿನಲ್ಲಿದೆ. ಅರ್ಜಿ 90 ದಿನಗಳಲ್ಲಿ ಇತ್ಯರ್ಥವಾಗಬೇಕು, ಅಪರೂಪದ ಸಂದರ್ಭದಲ್ಲಿ ಕಾರಣ ಬರೆದು ಒಂದೇ ಸಲ ಇನ್ನೂ 30 ದಿನ ಹೆಚ್ಚಿಸಬಹುದು ಎಂದು 5ನೇ ಕಲಂ ಹೇಳುತ್ತದೆ. ಎಲ್ಲರೂ ಈ 90 ದಿನವನ್ನು ಅರ್ಜಿ ಕೊಟ್ಟ ದಿನದಿಂದ ಎಣಿಸುತ್ತಾರೆ. ಕಾಯ್ದೆ ಎಣಿಸುವುದು ನೋಟಿಸ್ ಮುಟ್ಟಿದ ದಿನದಿಂದ. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನ ಕಟ್ಟಡ ಕೆಲಸದಲ್ಲೋ ಇದ್ದಾನೆ, ಅರ್ಜಿಯಲ್ಲಿ ಬರೆದದ್ದು ಚಿಂಚೋಳಿ ತಾಲ್ಲೂಕಿನ ಊರಿನ ವಿಳಾಸ. ನೋಟಿಸ್ ‘ಮನೆಗೆ ಬೀಗ’ ಎಂಬ ಷರಾದೊಂದಿಗೆ ವಾಪಸ್. ಗಡಿಯಾರ ಶುರುವೇ ಆಗುವುದಿಲ್ಲ. ಆದ್ದರಿಂದ ಅರ್ಜಿ ಬರೆಯುವಾಗಲೇ ಮಗನ ಅಥವಾ ಮಗಳ ಎಲ್ಲ ವಿಳಾಸ, ಮೊಬೈಲ್ ಸಂಖ್ಯೆ, ಕೆಲಸದ ಜಾಗ, ಮೇಸ್ತ್ರಿ ಅಥವಾ ಕಂಪನಿಯ ಹೆಸರು, ರೇಷನ್ ಕಾರ್ಡಿನ ಪ್ರತಿ ಹಾಕಬೇಕು. ನೋಟಿಸ್ ತಪ್ಪಿಸಿಕೊಂಡು ತಿರುಗುವವರ ವಿರುದ್ಧ ಏಕಪಕ್ಷೀಯವಾಗಿ ವಿಚಾರಣೆ ನಡೆಸಲು 6ನೇ ಕಲಮಿನಲ್ಲಿ ಅವಕಾಶವಿದೆ. ಅದನ್ನು ಲಿಖಿತವಾಗಿ ಕೇಳಬೇಕು. ಮಧ್ಯಂತರ ಜೀವನಾಂಶವನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು.

ಅರ್ಜಿ ಯಾರು ಹಾಕಬಹುದು ಎಂಬುದರಲ್ಲೂ ತಪ್ಪು ತಿಳಿವಳಿಕೆ ಇದೆ. ತಂದೆ-ತಾಯಿ ಆಗಿದ್ದರೆ 60 ತುಂಬಬೇಕೆಂದಿಲ್ಲ. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ವಾರಸಾ ಪಡೆಯುವ ಸಂಬಂಧಿಕರ ಮೇಲೆ ಹಾಕಬಹುದು. ಓಡಾಡಲಾಗದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಬೇರೆಯವರೋ ಸಂಸ್ಥೆಯೋ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ವಾಸವಿರುವ ಅಥವಾ ಕೊನೆಗೆ ವಾಸವಿದ್ದ ಜಿಲ್ಲೆಯಲ್ಲಿ, ಇಲ್ಲವೇ ಮಕ್ಕಳಿರುವ ಜಿಲ್ಲೆಯಲ್ಲಿ ಎಲ್ಲಿಯಾದರೂ ಸರಿ. 17ನೇ ಕಲಂ ಪ್ರಕಾರ ಎರಡೂ ಕಡೆಯವರಿಗೆ ವಕೀಲರಿಲ್ಲ. ಆದೇಶವಾದ ಮೇಲೆ ಹಣ ಬರದಿದ್ದರೆ ಬಾಕಿ ಬಿದ್ದ ದಿನದಿಂದ ಮೂರು ತಿಂಗಳೊಳಗೆ ವಸೂಲಿ ಅರ್ಜಿ ಹಾಕಲೇಬೇಕು. ‘ಇವತ್ತು ಕೊಡ್ತಾನ, ನಾಳಿ ಕೊಡ್ತಾನ’ ಎಂದು ಆರು ತಿಂಗಳು ಕಾಯ್ದ ತಾಯಿಗೆ ಮೊದಲ ಮೂರು ತಿಂಗಳ ಬಾಕಿಗೆ ವಾರಂಟ್ ಸಿಗುವುದಿಲ್ಲ.

ರಾಜ್ಯ ಸರ್ಕಾರ ಒಂದು ಅಧಿಸೂಚನೆಯಿಂದಲೇ ಮಾಡಬಹುದಾದ ದೊಡ್ಡ ಕೆಲಸವೊಂದಿದೆ, ಆದರೆ ಆ ಬಗ್ಗೆ ಸದನದಲ್ಲಿ ಮಾತು ಕಡಿಮೆ. ನಮ್ಮ ಮೂರು ಜಿಲ್ಲೆಗಳಲ್ಲಿ 25 ತಾಲ್ಲೂಕುಗಳಿವೆ: ಕಲಬುರಗಿಯಲ್ಲಿ 11, ಬೀದರಿನಲ್ಲಿ 8, ಯಾದಗಿರಿಯಲ್ಲಿ 6. ಉಪವಿಭಾಗಗಳು ಐದೇ: ಕಲಬುರಗಿ, ಸೇಡಂ, ಬೀದರ್, ಬಸವಕಲ್ಯಾಣ, ಯಾದಗಿರಿ. ಅಂದರೆ ಹುಣಸಗಿ ತಾಲ್ಲೂಕಿನ ನಾರಾಯಣಪುರದ ಮುದುಕ ಸುರಪುರ, ಶಹಾಪುರ ದಾಟಿ ಯಾದಗಿರಿಗೇ ಬರಬೇಕು. ಹೆಂಡತಿಗೆ ‘ಶಕ್ತಿ’ ಯೋಜನೆಯ ಬಸ್ಸು ಉಚಿತ, ಗಂಡನಿಗೆ ಹಿರಿಯರ ರಿಯಾಯಿತಿ 25 ಶೇಕಡಾ ಮಾತ್ರ. ಹಾಗಾಗಿ ಎಷ್ಟೋ ಸಲ ವಾಯಿದೆಗೆ ಆಕೆ ಒಬ್ಬಳೇ ಬರುತ್ತಾಳೆ. ಅಲ್ಲಿಗೆ ಬಂದರೆ ಸಾಹೇಬರು ಮ್ಯುಟೇಶನ್ ಮೇಲ್ಮನವಿ, ಭೂಸ್ವಾಧೀನ, ಚುನಾವಣೆ, ಪ್ರತಿಭಟನೆಯ ಬಂದೋಬಸ್ತು ಎಂದು ಹೊರಗಿರುತ್ತಾರೆ. ಮತ್ತೆ ವಾಯಿದೆ.

ಕಾಯ್ದೆಯ 7ನೇ ಕಲಂ ‘ಪ್ರತಿ ಉಪವಿಭಾಗಕ್ಕೆ ಒಂದು ಅಥವಾ ಹೆಚ್ಚು ನ್ಯಾಯಮಂಡಳಿ’ ಎನ್ನುತ್ತದೆ. ಅಧ್ಯಕ್ಷರು ಉಪವಿಭಾಗಾಧಿಕಾರಿ ದರ್ಜೆಗಿಂತ ಕೆಳಗಿನವರಾಗಿರಬಾರದು ಎಂಬುದಷ್ಟೇ ನಿರ್ಬಂಧ. ಆದ್ದರಿಂದ ತಹಶೀಲ್ದಾರರಿಗೆ ವಹಿಸಿ ಎಂಬ ಬೇಡಿಕೆ ನಿಲ್ಲುವುದಿಲ್ಲ, ಆದರೆ ಅದೇ ದರ್ಜೆಯ ಬೇರೆ ಅಧಿಕಾರಿಗಳು ನಮ್ಮ ಭಾಗದಲ್ಲಿದ್ದಾರೆ. ನೀರಾವರಿ ಯೋಜನೆಗಳ ವಿಶೇಷ ಭೂಸ್ವಾಧೀನಾಧಿಕಾರಿಗಳನ್ನೇ ನೋಡಿ. ಅಂಥವರಲ್ಲಿ ಒಬ್ಬರಿಗೆ ಎರಡನೇ ನ್ಯಾಯಮಂಡಳಿ ವಹಿಸಿ, ತಿಂಗಳಿಗೆ ಒಂದು ನಿಗದಿತ ದಿನ ಸುರಪುರದಲ್ಲೋ ಆಳಂದದಲ್ಲೋ ಔರಾದಿನಲ್ಲೋ ತಾಲ್ಲೂಕು ಕಚೇರಿಯಲ್ಲೇ ವಿಚಾರಣೆ ಮಾಡಿಸಬಹುದು. ಅರ್ಜಿ ಬರೆದುಕೊಡುವ ಕೈಗಳು ಬೇಕೆಂದರೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲೇ ಇದ್ದಾರೆ. ಅವರಿಗೆ ಒಂದು ದಿನದ ತರಬೇತಿ ಕೊಟ್ಟರೆ ಸಾಕು, ಗೌರವಧನವೂ ಸ್ವಲ್ಪ ಹೆಚ್ಚಿಸಿದರೆ ನ್ಯಾಯ.

ರಾಜ್ಯದ ಕೈಯಲ್ಲಿ ನೇರವಾಗಿ ಇಲ್ಲದ ಸಂಗತಿಗಳೂ ಇವೆ. ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ ಎಂಬುದು 9ನೇ ಕಲಮಿನಲ್ಲೇ ಇದೆ, 2007ರಿಂದ ಕದಲಿಲ್ಲ. ಮಿತಿ ತೆಗೆಯುವ, ಅಳಿಯ-ಸೊಸೆಯನ್ನೂ ಹೊಣೆಗಾರರನ್ನಾಗಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು, ಅಂಗೀಕಾರವಾಗದೆ 17ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ರಾಜ್ಯವೇ ತಿದ್ದುಪಡಿ ತರುವುದಾದರೆ ಸಂವಿಧಾನದ 254(2)ನೇ ವಿಧಿಯಡಿ ರಾಷ್ಟ್ರಪತಿಗಳ ಅಂಕಿತ ಬೇಕು. ಅದು ವರ್ಷಗಳ ಮಾತು. ಅಸ್ಸಾಂ 2017ರಲ್ಲಿ ಬೇರೆ ದಾರಿ ಹಿಡಿಯಿತು: ಹೆತ್ತವರನ್ನು ಕಡೆಗಣಿಸಿದ ಸರ್ಕಾರಿ ನೌಕರರ ಸಂಬಳದಲ್ಲಿ 10 ಶೇಕಡಾ ಹಿಡಿದು ಅವರಿಗೇ ಕೊಡುವ ಕಾನೂನು. ಅದನ್ನು ಇಲ್ಲೂ ತರಬೇಕೆನ್ನುವುದು ಕೇಳಲು ಚೆಂದ. ಆದರೆ ಅದು ಸಂಬಳದ ಚೀಟಿ ಇರುವ ಮಕ್ಕಳನ್ನು ಮಾತ್ರ ಹಿಡಿಯುತ್ತದೆ. ನಮ್ಮ ಕಡೆ ಹೆಚ್ಚಿನ ಮಕ್ಕಳು ತೊಗರಿ ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಪರಊರಿನ ಸೆಂಟ್ರಿಂಗ್ ಕೆಲಸದಲ್ಲಿ ಇದ್ದಾರೆ. ಅವರ ತಂದೆ-ತಾಯಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದ ಕೇಂದ್ರದ ಪಾಲು 200 ರೂಪಾಯಿಯಿಂದ ಮೇಲೇಳಲಿ ಎಂದು ಕೇಳುವುದೇ ಹೆಚ್ಚು ಉಪಯೋಗ. 80 ದಾಟಿದವರಿಗೆ ಮಾತ್ರ ಅದು 500.

ಒತ್ತಾಯ ಹೇಗೆ ಮಾಡಬೇಕು ಎಂಬುದಕ್ಕೂ ಒಂದು ಕ್ರಮವಿದೆ. ಶಾಲು ಹೊದಿಸಿ ಕೊಟ್ಟ ಮನವಿಪತ್ರ ಶಾಸಕರ ಕಾರಿನ ಸೀಟಿನ ಮೇಲೇ ಉಳಿಯುತ್ತದೆ. ಅದಕ್ಕಿಂತ ಒಂದು ಪ್ರಶ್ನೆಯನ್ನು ಸಿದ್ಧಪಡಿಸಿ, ಅಧಿವೇಶನದ ದಿನಾಂಕ ಹೊರಬಿದ್ದ ಕೂಡಲೇ ಶಾಸಕರಿಗೋ ಈಶಾನ್ಯ ಪದವೀಧರ, ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೋ ಕೊಡಿ. ಪ್ರಶ್ನೆ ಹೀಗಿರಲಿ: ಐದು ಉಪವಿಭಾಗಗಳಲ್ಲಿ ಕಳೆದ ಮೂರು ವರ್ಷ ಬಂದ ಅರ್ಜಿಗಳೆಷ್ಟು, ನೋಟಿಸ್ ಮುಟ್ಟದೆ ಉಳಿದವೆಷ್ಟು, ಮುಟ್ಟಿದ 90 ದಿನದಲ್ಲಿ ಮುಗಿದವೆಷ್ಟು, 23ನೇ ಕಲಮಿನಡಿ ರದ್ದಾದ ಪತ್ರಗಳಲ್ಲಿ ಪಹಣಿ ತಿರುಗಿದ್ದು ಎಷ್ಟು? ಸಂಖ್ಯೆಯನ್ನು ಕೇಳಿದರೆ ಸಚಿವರು ಸಂಖ್ಯೆಯನ್ನೇ ಹೇಳಬೇಕಾಗುತ್ತದೆ. ‘ಕ್ರಮ ಕೈಗೊಳ್ಳುತ್ತೀರಾ’ ಎಂದು ಕೇಳಿದರೆ ‘ಪರಿಶೀಲಿಸಲಾಗುವುದು’ ಎಂದಷ್ಟೇ ಬರುತ್ತದೆ. ಇದೇ ಮಾಹಿತಿಯನ್ನು ಮಾಹಿತಿ ಹಕ್ಕಿನಲ್ಲೂ ಕೇಳಬಹುದು: 10 ರೂಪಾಯಿ ಶುಲ್ಕ, 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಇದೆ. ಉಪವಿಭಾಗಕ್ಕೊಂದರಂತೆ ಐದು ಅರ್ಜಿ ಹಾಕಿದರೆ ತಿರಸ್ಕಾರದ ನೆಪ ಇರುವುದಿಲ್ಲ.

ಈಗಾಗಲೇ ಷರತ್ತಿಲ್ಲದೆ ಬರೆದುಕೊಟ್ಟು ಕೂತವರ ಬಗ್ಗೆ ಒಂದು ಮಾತು. ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ದಾನಪತ್ರದ ಜೊತೆ ಮಗ ‘ಕೊನೆಯವರೆಗೂ ನೋಡಿಕೊಳ್ಳುತ್ತೇನೆ’ ಎಂದು ಬೇರೆಯಾಗಿ ಬರೆದುಕೊಟ್ಟ ವಚನಪತ್ರವಿತ್ತು. ಸುಪ್ರೀಂ ಕೋರ್ಟ್ ಅದನ್ನೂ ಗಣನೆಗೆ ತೆಗೆದುಕೊಂಡು ದಾನವನ್ನು ರದ್ದುಗೊಳಿಸಿತು. ಆದ್ದರಿಂದ ಅಂದಿನ ದಿನದ ಯಾವ ಕಾಗದವಿದ್ದರೂ ಹುಡುಕಿ ಇಟ್ಟುಕೊಳ್ಳಿ: ಪಂಚರ ಮುಂದೆ ಬರೆದ ಚೀಟಿ, ಬಾಂಡ್ ಕಾಗದದ ಒಪ್ಪಂದ, ಹಣ ಹಾಕಿದ ಪಾಸ್‌ಬುಕ್. ಏನೂ ಸಿಗದಿದ್ದರೆ 23ನೇ ಕಲಂ ಬಿಟ್ಟು 5ನೇ ಕಲಮಿನಡಿ ಜೀವನಾಂಶ ಕೇಳಿ. ಹೊಲ ವಾಪಸ್ ಬರದಿದ್ದರೂ ಆ ಹಕ್ಕಿಗೆ ದಾನಪತ್ರದ ಯಾವ ಸಾಲೂ ಅಡ್ಡಿಯಲ್ಲ. ಅರ್ಜಿ ಬರೆಯಲು ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಅಥವಾ ಕಾನೂನು ಸೇವೆಗಳ 15100ಕ್ಕೆ ಕರೆ ಮಾಡಬಹುದು.

ಇಂತಿ,
ಹಿರಿಯ ನಾಗರಿಕರ ಅರ್ಜಿಗಳಿಗೆ ನೆರವಾಗುವ ಕೆಲವರು
ಕಲಬುರಗಿ